ಲುಸಿಟಾನಿಯಾ ಮುಳುಗಿದ ಮೇಲೆ ಅಮೆರಿಕ ಎರಡು ವರ್ಷ ಸುಮ್ನೆ ಕೂತಿತ್ತಾ?

ಜರ್ಮನ್ ಸಬ್‌ಮರೀನ್ ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಹೊಡೆದದ್ದು 1915ರ ಮೇ 7ರಂದು, ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ. ನಡುವೆ ಏನು ಮಾಡುತ್ತಿತ್ತು ಎಂದು ಕೇಳಿದ್ದೀರಿ. 'ಹಡಗು ಮುಳುಗಿತು, ಅಮೆರಿಕ ಬಂತು' ಎಂದು ಒಂದೇ ಉಸಿರಿನಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನೂ.

ಸುಮ್ನೆ ಕೂತಿರಲಿಲ್ಲ, ಪತ್ರ ಬರೆಯುತ್ತಿತ್ತು. ಲುಸಿಟಾನಿಯಾದಲ್ಲಿ ಸತ್ತ ಸುಮಾರು 1,200 ಜನರಲ್ಲಿ 120ಕ್ಕೂ ಜಾಸ್ತಿ ಅಮೆರಿಕನ್ನರಿದ್ದರು. ಅಧ್ಯಕ್ಷ ವಿಲ್ಸನ್ ಬರ್ಲಿನ್‌ಗೆ ಮೂರು ಖಡಕ್ ಪತ್ರ ಕಳಿಸಿದರು. ಎರಡನೆಯದು ನಮ್ಮನ್ನು ಯುದ್ಧಕ್ಕೆ ಎಳೆಯುತ್ತದೆ ಎಂದು ಅವರದೇ ವಿದೇಶಾಂಗ ಸಚಿವ ಬ್ರಯಾನ್ ರಾಜೀನಾಮೆ ಕೊಟ್ಟು ಹೊರನಡೆದರು.

ಆದರೆ ಈ ಪತ್ರಗಳ ಆಟ ತಿಳಿಯಬೇಕಾದರೆ ಸಸೆಕ್ಸ್ ಕಥೆ ನೋಡಬೇಕು. 1916ರ ಮಾರ್ಚ್ 24ರಂದು ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ಈ ಪ್ರಯಾಣಿಕರ ಹಡಗಿಗೆ ಟಾರ್ಪಿಡೋ ಬಿತ್ತು. ಮೂತಿ ಪೂರ್ತಿ ಕಿತ್ತುಹೋಯಿತು, ಹಡಗು ಮಾತ್ರ ಮುಳುಗಲಿಲ್ಲ. ಸಾಕ್ಷಿ ದಡ ಸೇರಿತು, ಜರ್ಮನಿ ಸಿಕ್ಕಿಬಿತ್ತು.

ಜರ್ಮನಿ ಕೊಟ್ಟ ಉತ್ತರ ಓದಿದರೆ ನಗು ಬರುತ್ತದೆ. ಹೌದು, ಅವತ್ತು ಅಲ್ಲೇ ನಮ್ಮ ಸಬ್‌ಮರೀನ್ ಒಂದು ಹಡಗನ್ನು ಹೊಡೆದಿದೆ. ಹೌದು, ಅದರ ಮುಂಭಾಗವೂ ಕಿತ್ತುಹೋಗಿದೆ. ಆದರೆ ಅದು ಸಸೆಕ್ಸ್ ಅಲ್ಲ! ಪುರಾವೆಗೆ ಕ್ಯಾಪ್ಟನ್ ಬಿಡಿಸಿದ ಚಿತ್ರ, ಪಕ್ಕದಲ್ಲಿ ಪತ್ರಿಕೆಯಲ್ಲಿ ಬಂದ ಸಸೆಕ್ಸ್ ಫೋಟೋ. ನೋಡಿ, ಎರಡೂ ಬೇರೆ ಬೇರೆ ಅಲ್ವಾ ಎಂಬ ವಾದ. ಅಷ್ಟರಲ್ಲಿ ಹಡಗಿನೊಳಗೆ ಜರ್ಮನ್ ಟಾರ್ಪಿಡೋದ ಚೂರುಗಳು ಸಿಕ್ಕಿದ್ದವು.

ಏಪ್ರಿಲ್ 18ರಂದು ವಿಲ್ಸನ್ ಗಡುವಿನ ಪತ್ರ ಕಳಿಸಿದರು: ಇಂಥ ದಾಳಿ ನಿಲ್ಲಿಸದಿದ್ದರೆ ರಾಯಭಾರ ಸಂಬಂಧ ಕಡಿಯುತ್ತೇವೆ. ಮೇ 4ರಂದು ಜರ್ಮನಿ ಬಗ್ಗಿತು. ಎಚ್ಚರಿಕೆ ಕೊಡದೆ, ಜನರನ್ನು ಉಳಿಸದೆ ವ್ಯಾಪಾರಿ ಹಡಗು ಮುಳುಗಿಸುವುದಿಲ್ಲ ಎಂದಿತು. ಜೊತೆಗೆ ಒಂದು ಕೊಕ್ಕೆ: ಬ್ರಿಟನ್ ನಮ್ಮ ಮೇಲೆ ಹಾಕಿರುವ ಸಮುದ್ರದ ದಿಗ್ಬಂಧನ ಸಡಿಲಿಸುವಂತೆ ನೀವು ಬ್ರಿಟನ್‌ಗೆ ಹೇಳಬೇಕು. ವಿಲ್ಸನ್ ಜಾಣತನ ಇಲ್ಲಿದೆ. ಮಾತು ಕೊಟ್ಟಿದ್ದಕ್ಕೆ ಸಂತೋಷ ಅಂದರು, ಷರತ್ತಿಗೆ ಒಪ್ಪಲ್ಲ ಎಂದು ಅದೇ ಪತ್ರದಲ್ಲಿ ಬರೆದು ಕೈ ತೊಳೆದುಕೊಂಡರು. ಜರ್ಮನಿ ಆ ಪತ್ರಕ್ಕೆ ಉತ್ತರವನ್ನೇ ಕೊಡಲಿಲ್ಲ.

ಬರೀ ಕಾಗದ ಅಂತ ನಗಬೇಡಿ. ಆ ಕಾಗದ ಸುಮಾರು ಒಂಬತ್ತು ತಿಂಗಳು ಸಬ್‌ಮರೀನ್‌ಗಳ ಕೈ ಕಟ್ಟಿತ್ತು. 1917ರ ಜನವರಿ 31ರಂದು, ನಾಳೆಯಿಂದ ಯಾವ ಹಡಗನ್ನೂ ಬಿಡಲ್ಲ ಎಂಬ ಪತ್ರ ಜರ್ಮನ್ ರಾಯಭಾರಿ ಬರ್ನ್‌ಸ್ಟಾರ್ಫ್ ಕೈಯಿಂದ ಬಂತು. ಫೆಬ್ರವರಿ 3ಕ್ಕೆ ವಿಲ್ಸನ್ ರಾಯಭಾರ ಸಂಬಂಧ ಕಡಿದು, ಅವರ ಪಾಸ್‌ಪೋರ್ಟ್ ಅವರ ಕೈಗೇ ಕೊಟ್ಟು ಮನೆಗೆ ಕಳಿಸಿದರು.