ಓದುಗರ ಪ್ರಶ್ನೆ: ಹಳೆಯ ಮೂಳೆಯ ಡಿಎನ್‌ಎಗೆ ಬಫರ್

ಪ್ರಶ್ನೆ: ಬಫರಿಗೆ (ಡಿಎನ್‌ಎ ಹೊರತೆಗೆಯಲು ಬಳಸುವ ದ್ರಾವಣಕ್ಕೆ) ಬೇಕಾದ 0.5 ಮೋಲಾರ್ (ಸಾಂದ್ರತೆಯ ಅಳತೆ) ಇಡಿಟಿಎ, ಅಂದರೆ ಕ್ಯಾಲ್ಸಿಯಂ ಹಿಡಿಯುವ ರಾಸಾಯನಿಕ, ಎಷ್ಟು ಕಲಕಿದರೂ ಕರಗುತ್ತಿಲ್ಲ, ಬೆಳ್ಳಗೇ ಉಳಿದಿದೆ. ಬಿಸಿ ಮಾಡಬೇಕೆ?

ಉತ್ತರ: ಬೇಡ. ಅದಕ್ಕೆ ಬೇಕಿರುವುದು ಕ್ಷಾರ. ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ 186.1 ಗ್ರಾಂ ತೂಗಿ 800 ಮಿ.ಲೀ. ನೀರಿಗೆ ಹಾಕಿ, ಕಲಕುತ್ತಲೇ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ಬಿಡುತ್ತ ಹೋಗಿ. ಒಟ್ಟು ಸುಮಾರು 20 ಗ್ರಾಂ ಹಿಡಿಯುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಹತ್ತಿರ ಬಂದಾಗ ದ್ರಾವಣ ತಾನೇ ತಿಳಿಯಾಗುತ್ತದೆ. ಕೊನೆಯ ಗುಳಿಗೆಗಳನ್ನು ಒಂದೊಂದಾಗಿ ಹಾಕಿ. 8.0 ತಲುಪಿದ ಮೇಲೆ ನೀರು ಸೇರಿಸಿ ಒಂದು ಲೀಟರ್ ಮಾಡಿ.

ಪಿಎಚ್ ಮೀಟರಿನ ಕಡ್ಡಿಯನ್ನು ಮಾತ್ರ ಸೀಸೆಯೊಳಗೆ ಅದ್ದಬೇಡಿ. ಹತ್ತಾರು ದ್ರಾವಣ ಕಂಡ ಆ ಕಡ್ಡಿಯಿಂದ ಬೇರೆಯವರ ಡಿಎನ್‌ಎ ನಿಮ್ಮ ಬಫರಿಗೆ ಇಳಿಯುತ್ತದೆ. ಒಂದೆರಡು ಮಿ.ಲೀ. ಹೊರತೆಗೆದು ಅಳೆಯಿರಿ, ಅಳೆದದ್ದನ್ನು ಚೆಲ್ಲಿ.

ಪ್ರಶ್ನೆ: ಆಟೋಕ್ಲೇವ್ ಮಾಡಿದರೆ (ಒತ್ತಡದ ಬಿಸಿ ಹಬೆಯಲ್ಲಿ ಕಾಯಿಸಿದರೆ) ಬಫರ್ ಶುದ್ಧವಾಯಿತಲ್ಲವೆ?

ಉತ್ತರ: ಸೂಕ್ಷ್ಮಜೀವಿಗಳು ಸಾಯುತ್ತವೆ, ಅವುಗಳ ಡಿಎನ್‌ಎ ಚೂರುಗಳು ಉಳಿಯುತ್ತವೆ. ಬೇರೆ ಪ್ರಯೋಗಾಲಯಕ್ಕೆ ಅದು ಸಾಕು; ಇಲ್ಲಿ ಸಾಲದು. ಏಕೆಂದರೆ ನಾವು ಹುಡುಕುತ್ತಿರುವುದೇ 30–80 ಅಕ್ಷರಗಳ (ಡಿಎನ್‌ಎ ಎಳೆಯ ಘಟಕಗಳ) ಚೂರುಗಳನ್ನು. 254 ನ್ಯಾನೋಮೀಟರ್ ಯುವಿ (ಅತಿನೇರಳೆ) ಬೆಳಕು ನೀರು, ಇಡಿಟಿಎಗಳಿಗೆ ನೆರವಾಗುತ್ತದೆ, ಆದರೆ ಚೂರು ಚಿಕ್ಕದಾದಷ್ಟೂ ಅದರ ಏಟು ತಪ್ಪುವುದು ಹೆಚ್ಚು. ಪ್ರೊಟೀನ್ ಕತ್ತರಿಸುವ ಪ್ರೊಟೀನೇಸ್ ಕೆ ಕಿಣ್ವವನ್ನು ಯುವಿಗೆ ಒಡ್ಡಿದರೆ ಅದೇ ಕೆಟ್ಟುಹೋಗುತ್ತದೆ. ಹಾಗಾಗಿ ಮೊದಲಿನಿಂದಲೇ ಶುದ್ಧವಾಗಿ ತಯಾರಿಸುವುದೊಂದೇ ನೆಚ್ಚಬಹುದಾದ ದಾರಿ: ಈ ಕೆಲಸಕ್ಕೆಂದೇ ಮೀಸಲಿಟ್ಟ ಹೊಸ ಸೀಸೆ, ಚಮಚ ಹಾಕದೆ ನೇರ ಸುರಿದು ತೂಗುವುದು, ಎರಡು ಜೊತೆ ಕೈಗವಸು, ಮುಖಗವಸು.

ಪ್ರಶ್ನೆ: ಮೂಳೆಪುಡಿ ಕರಗಿಸುವ ಬಫರ್ ಮತ್ತು ಸಿಲಿಕಾಗೆ (ಮರಳು, ಗಾಜಿನ ಮೂಲವಸ್ತು) ಡಿಎನ್‌ಎ ಅಂಟಿಸುವ ಬಫರ್, ಎರಡರ ಅಳತೆ ತಿಳಿಸಿ.

ಉತ್ತರ: ಮೊದಲನೆಯದು 10 ಮಿ.ಲೀ.ಗೆ: 0.5 ಮೋಲಾರ್ ಇಡಿಟಿಎ 9 ಮಿ.ಲೀ., ನೀರು 700 ಮೈಕ್ರೋಲೀಟರ್, 10% ಟ್ವೀನ್-20 (ಸಾಬೂನಿನಂಥ ವಸ್ತು) ದ್ರಾವಣ 50 ಮೈಕ್ರೋಲೀಟರ್, ಮಿ.ಲೀ.ಗೆ 10 ಮಿ.ಗ್ರಾಂ ಇರುವ ಪ್ರೊಟೀನೇಸ್ ಕೆ 250 ಮೈಕ್ರೋಲೀಟರ್. ಕಿಣ್ವ ಕೊನೆಗೆ. ಅಂದೇ ಬಳಸಿ. 50 ಮಿ.ಗ್ರಾಂ ಪುಡಿಗೆ 1 ಮಿ.ಲೀ. ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ. ಇಡಿಟಿಎ ಮೂಳೆಯ ಕ್ಯಾಲ್ಸಿಯಂ ಹಿಡಿದು ಖನಿಜವನ್ನು ಸಡಿಲಿಸುತ್ತದೆ, ಕಿಣ್ವ ಕೊಲಾಜೆನ್ ಕತ್ತರಿಸುತ್ತದೆ.

ಎರಡನೆಯದರಲ್ಲೇ ಹೆಚ್ಚಿನವರು ಎಡವುವುದು. 50 ಮಿ.ಲೀ. ಟ್ಯೂಬಿಗೆ ಡಿಎನ್‌ಎ ಸಿಲಿಕಾಗೆ ಅಂಟಲು ನೆರವಾಗುವ ಲವಣ ಗ್ವಾನಿಡಿನ್ ಹೈಡ್ರೋಕ್ಲೋರೈಡ್ 23.88 ಗ್ರಾಂ ಸುರಿದು, 30 ಮಿ.ಲೀ. ಗೆರೆಯ *ತನಕ* ನೀರು ತುಂಬಿ. 30 ಮಿ.ಲೀ. ನೀರನ್ನೇ ಅಳೆದು ಹಾಕಿದರೆ ಕೆಟ್ಟಿತು: ಪುಡಿಯೇ ಸಾಕಷ್ಟು ಜಾಗ ಹಿಡಿಯುವುದರಿಂದ ದ್ರಾವಣ ತೆಳುವಾಗಿ, ಚಿಕ್ಕ ಚೂರುಗಳು ಸಿಲಿಕಾಗೆ ಅಂಟದೆ ಹರಿದುಹೋಗುತ್ತವೆ. ಕರಗುವಾಗ ಟ್ಯೂಬ್ ತಣ್ಣಗಾಗುತ್ತದೆ; ಕೋಣೆಯ ತಾಪಕ್ಕೆ ಮರಳಿದ ಮೇಲೆ ಗೆರೆ ಸರಿಪಡಿಸಿ, ಐಸೊಪ್ರೊಪನಾಲ್ 20 ಮಿ.ಲೀ., ನೀರು ಬೆರೆಸದ ಟ್ವೀನ್-20 ಅನ್ನು 25 ಮೈಕ್ರೋಲೀಟರ್ ಸೇರಿಸಿ. ಬಳಸುವಾಗ ಇದರ 13 ಮಿ.ಲೀ.ಗೆ 3 ಮೋಲಾರ್ ಸೋಡಿಯಂ ಅಸಿಟೇಟ್ (ಪಿಎಚ್ 5.2) 400 ಮೈಕ್ರೋಲೀಟರ್, ಆಮೇಲೆ ಮೊದಲ ಬಫರಿನಲ್ಲಿ ಕರಗಿದ ಮೂಳೆಯ ಸಾರ 1 ಮಿ.ಲೀ. ಅಸಿಟೇಟ್ ಹಾಕದಿದ್ದರೆ ಇಡಿಟಿಎಯಿಂದ ಪಿಎಚ್ ಏರಿ ಅಂಟುವಿಕೆ ಕುಗ್ಗುತ್ತದೆ.

ಪ್ರಶ್ನೆ: ಚೆಲ್ಲಿದ ಗ್ವಾನಿಡಿನ್ ಬಫರನ್ನು ಬ್ಲೀಚಿನಿಂದ ಒರೆಸಬಹುದೆ?

ಉತ್ತರ: ಎಂದಿಗೂ ಬೇಡ, ವಿಷಾನಿಲ ಏಳುತ್ತದೆ. ಮೊದಲು ನೀರಿನಿಂದ ಪೂರ್ತಿ ಒರೆಸಿ ತೆಗೆಯಿರಿ, ಆ ಬಟ್ಟೆಯನ್ನೂ ಬ್ಲೀಚಿನ ಕಸದೊಡನೆ ಸೇರಿಸಬೇಡಿ.

ಪ್ರಶ್ನೆ: ಮೂಳೆಯಿಲ್ಲದೆ ನಡೆಸಿದ ಖಾಲಿ ಮಾದರಿಯಲ್ಲೂ ಮನುಷ್ಯರ ಡಿಎನ್‌ಎ ಬಂದಿದೆ. ಯಾವ ಬಫರಿನ ದೋಷ?

ಉತ್ತರ: ಒಂದು ಸುತ್ತಿನಲ್ಲಿ ಒಂದೇ ಬಫರನ್ನು ಹೊಸ ತಯಾರಿಕೆಯದಕ್ಕೆ ಬದಲಿಸಿ, ಉಳಿದವನ್ನು ಹಾಗೇ ಇಟ್ಟು ಖಾಲಿ ಮಾದರಿಗಳನ್ನು ಮತ್ತೆ ಓಡಿಸಿ. ಯಾವುದನ್ನು ಬದಲಿಸಿದಾಗ ಡಿಎನ್‌ಎ ಮಾಯವಾಯಿತೋ ಅದೇ ಕಾರಣ. ಪ್ರತಿ ಬಫರನ್ನೂ ಒಂದು ಸಲಕ್ಕೆ ಸಾಕಾಗುವಷ್ಟು ಹಂಚಿಟ್ಟು, ಟ್ಯೂಬಿನ ಮೇಲೆ ತಯಾರಿಸಿದ ದಿನಾಂಕ, ರಾಸಾಯನಿಕದ ಲಾಟ್ ಸಂಖ್ಯೆ ಬರೆದಿದ್ದರೆ ಮಾತ್ರ ಈ ಹುಡುಕಾಟ ಸಾಧ್ಯ.