ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಲಿನಕ್ಸ್: ಬೂಟ್‌ಲೋಡರ್ ಎಲ್ಲಿ ಹೋಗಿ ಕೂರುತ್ತದೆ ನೋಡಿಕೊಳ್ಳಿ

ಲ್ಯಾಪ್‌ಟಾಪ್‌ನ ವಿಂಡೋಸ್ ಹಾಗೇ ಇರಬೇಕು, ಲಿನಕ್ಸ್ ಎಕ್ಸ್‌ಟರ್ನಲ್ ಡ್ರೈವಿನಲ್ಲಿರಬೇಕು, ಬೇಕಾದಾಗ ಸಿಕ್ಕಿಸಿ ಬೂಟ್ ಮಾಡಬೇಕು, ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಎರಡು ವರ್ಷದಿಂದ ಹೀಗೇ ಕೆಲಸ ಮಾಡುತ್ತಿದ್ದೇನೆ. ಆದರೆ ಮೊದಲ ಸಲ ಒಂದು ಕಡೆ ಎಡವಿದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಇನ್‌ಸ್ಟಾಲ್ ಚೆನ್ನಾಗೇ ಆಯಿತು. ಎರಡು ದಿನ ಬಿಟ್ಟು ಡ್ರೈವ್ ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬರಲಿಲ್ಲ. ಕಪ್ಪು ಸ್ಕ್ರೀನು, ಮೇಲೆ ಗ್ರಬ್ ಅನ್ನುವ ಪದ, ಪಕ್ಕದಲ್ಲಿ ಮಿನುಗುವ ಕರ್ಸರ್, ಅಷ್ಟೇ. ಮಾರನೇ ದಿನ ಕೊಡಬೇಕಿದ್ದ ಕೆಲಸ ಪೂರ್ತಿ ಅದರೊಳಗಿತ್ತು, ಕೈಕಾಲು ತಣ್ಣಗಾಯಿತು. ನಿಜಕ್ಕೂ ವಿಂಡೋಸ್‌ಗೆ ಏನೂ ಆಗಿರಲಿಲ್ಲ. ಇನ್‌ಸ್ಟಾಲರ್‌ನಲ್ಲಿ ನಾನು ಎಕ್ಸ್‌ಟರ್ನಲ್ ಡ್ರೈವನ್ನೇ ಆರಿಸಿದ್ದೆ, ಆದರೂ ಅದು ಲಿನಕ್ಸ್ ಫೈಲುಗಳನ್ನು ಅಲ್ಲಿಟ್ಟು ಬೂಟ್‌ಲೋಡರನ್ನು (ಯಂತ್ರ ಆನ್ ಆದಾಗ ಆಪರೇಟಿಂಗ್ ಸಿಸ್ಟಂ ಶುರುಮಾಡುವ ಸಣ್ಣ ಪ್ರೋಗ್ರಾಂ, ಲಿನಕ್ಸ್‌ನಲ್ಲಿ ಅದೇ ಗ್ರಬ್) ಮಾತ್ರ ಒಳಗಿನ ಡಿಸ್ಕಿಗೆ ಬರೆದಿತ್ತು. ಡ್ರೈವ್ ತೆಗೆದ ಮೇಲೆ ಗ್ರಬ್‌ಗೆ ತನ್ನ ಮೆನು ಸಿಗಲಿಲ್ಲ, ಸುಮ್ನೆ ನಿಂತುಬಿಟ್ಟಿತು. ಲ್ಯಾಪ್‌ಟಾಪ್ ಆನ್ ಮಾಡುವಾಗ ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನು ತೆರೆದು ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದ ತಕ್ಷಣ ಎಲ್ಲ ಸರಿಹೋಯಿತು. ನಿಮಗೂ ಹೀಗಾದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾತ್ರ ಮಾಡಬೇಡಿ.

ಯಾಕೆ ಹೀಗಾಗುತ್ತದೆ ಅಂದರೆ, ಈಗಿನ ಯುಇಎಫ್‌ಐ (ಹಳೇ ಬಯೋಸ್ ಜಾಗಕ್ಕೆ ಬಂದ, ಯಂತ್ರ ಆನ್ ಆದ ಕೂಡಲೇ ಓಡುವ ಸಾಫ್ಟ್‌ವೇರ್) ಯಂತ್ರಗಳು ಬೂಟ್‌ಲೋಡರನ್ನು ಇಎಫ್‌ಐ ಪಾರ್ಟಿಷನ್ ಅನ್ನುವ, ಡಿಸ್ಕಿನ ಒಂದು ಸಣ್ಣ ಫ್ಯಾಟ್32 ಭಾಗದಿಂದ ಓದುತ್ತವೆ. ಒಳಗಿನ ಡಿಸ್ಕಿನಲ್ಲಿ ಅದು ಆಗಲೇ ಇರುತ್ತದೆ, ಕೆಲವು ಇನ್‌ಸ್ಟಾಲರ್‌ಗಳು ಕೇಳದೇನೇ ಅದನ್ನೇ ಬಳಸಿಕೊಳ್ಳುತ್ತವೆ. ಹಾಗಾಗಿ ಇನ್‌ಸ್ಟಾಲ್ ಮಾಡುವಾಗ ಒಳಗಿನ ಡಿಸ್ಕ್ ಕಾಣದ ಹಾಗೆ ಮಾಡುವುದೇ ಒಳ್ಳೇದು. ಬಯೋಸ್ (ಯುಇಎಫ್‌ಐ) ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಲು ಬಂದರೆ ಆಫ್ ಮಾಡಿ. ಬರದಿದ್ದರೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಆಗಿ, ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತೆರೆದು, ಒಳಗಿನ ಇಎಫ್‌ಐ ಪಾರ್ಟಿಷನ್‌ನ ಬೂಟ್ ಮತ್ತು ಇಎಸ್‌ಪಿ ಫ್ಲ್ಯಾಗ್ (ಇದು ಇಎಫ್‌ಐ ಪಾರ್ಟಿಷನ್ ಅಂತ ತೋರಿಸುವ ಗುರುತು) ತೆಗೆಯಿರಿ. ಒಳಗಿನ ಡೇಟಾ ಹೋಗುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ, ವಿಂಡೋಸ್‌ಗೆ ಹೋಗುವ ಮುಂಚೆ, ಆ ಎರಡೂ ಫ್ಲ್ಯಾಗ್ ವಾಪಸ್ ಹಾಕಲೇಬೇಕು, ಮರೆಯಬೇಡಿ.

ಇದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಂಡು, ಅದನ್ನು ಸಸ್ಪೆಂಡ್ ಮಾಡಿ. ಬೂಟ್ ಸೆಟ್ಟಿಂಗ್ ಬದಲಾದಾಗ ಅದು 48 ಅಂಕಿಯ ಕೀ ಕೇಳಬಹುದು, ಆಗ ಕೈಯಲ್ಲಿ ಇಲ್ಲದಿದ್ದರೆ ನಿಮ್ಮ ಫೈಲುಗಳೇ ನಿಮಗೆ ಸಿಗಲ್ಲ. ವಿಂಡೋಸ್ ಪೂರ್ತಿ ಆಫ್ ಆಗದೇ ಬೇಗ ಶುರುವಾಗುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ.

ಪಾರ್ಟಿಷನ್ ನೀವೇ ಕೈಯಾರೆ ಮಾಡಿ. ಎಕ್ಸ್‌ಟರ್ನಲ್ ಡ್ರೈವಿಗೆ ಜಿಪಿಟಿ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ ಇಡುವ ಒಂದು ವಿಧಾನ), ಅದರಲ್ಲಿ 512 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್, ಉಳಿದದ್ದೆಲ್ಲ ರೂಟ್‌ಗೆ (ಲಿನಕ್ಸ್ ಸ್ವತಃ ಇರುವ ಜಾಗ) ಎಕ್ಸ್‌ಟಿ4 ಫಾರ್ಮ್ಯಾಟ್, ಇಷ್ಟು ಸಾಕು. ಮುಗಿದ ಮೇಲೆ ಆ ಸಣ್ಣ ಪಾರ್ಟಿಷನ್ ತೆರೆದು ನೋಡಿ. ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರಲ್ಲಿ ಬೂಟ್‌ಎಕ್ಸ್64 ಅನ್ನುವ ಫೈಲ್ ಇರಬೇಕು. ಹೊಸ ಯಂತ್ರಕ್ಕೆ ಸಿಕ್ಕಿಸಿದಾಗ ಅದು ಹುಡುಕುವುದು ಈ ಜಾಗದಲ್ಲೇ, ಅಲ್ವಾ, ಅದಕ್ಕೆ ನಿಮ್ಮ ಡ್ರೈವಿನ ಬಗ್ಗೆ ಬೇರೇನೂ ಗೊತ್ತಿರುವುದಿಲ್ಲ. ಫೈಲ್ ಇಲ್ಲದಿದ್ದರೆ ಗ್ರಬ್-ಇನ್‌ಸ್ಟಾಲ್ ಕಮಾಂಡನ್ನು ರಿಮೂವಬಲ್ ಆಯ್ಕೆಯ ಜೊತೆ ಓಡಿಸಿ.

ಪೆನ್‌ಡ್ರೈವಿಗೆ ಹಾಕೋಣ ಅನ್ನಿಸಿದರೆ ಬೇಡ ಅನ್ನುತ್ತೇನೆ. ಲಿನಕ್ಸ್ ಸದಾ ಸಣ್ಣ ಸಣ್ಣದಾಗಿ ಬರೆಯುತ್ತಿರುತ್ತದೆ, ಪೆನ್‌ಡ್ರೈವ್ ಅದರಲ್ಲೇ ತುಂಬಾ ನಿಧಾನ, ಬ್ರೌಸರ್ ತೆರೆಯಲೂ ಕಾಯಬೇಕು. ಎಸ್‌ಎಸ್‌ಡಿಯನ್ನೇ ತಗೊಳ್ಳಿ, ಯುಎಸ್‌ಬಿ 3 ಪೋರ್ಟಿಗೇ ಸಿಕ್ಕಿಸಿ.

ಇನ್ನೊಂದು, ವಿಂಡೋಸ್‌ಗೆ ವಾಪಸ್ ಹೋದಾಗ ಗಡಿಯಾರ ಕೆಲವು ಗಂಟೆ ಹಿಂದೆಮುಂದೆ ಕಂಡರೆ ಏನೂ ಕೆಟ್ಟಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ. ಲಿನಕ್ಸನ್ನೂ ಸ್ಥಳೀಯ ಸಮಯಕ್ಕೆ ಹೊಂದಿಸಿದರೆ ಸರಿಯಾಗುತ್ತದೆ.