ಬೆನ್ನಿಗೆ ಹೊರುವ ಒಲೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಾರಣ, ಕ್ಯಾಂಪಿಂಗ್‌ಗೆ ಹೋಗುವ ಓದುಗರು ಸ್ಪಿರಿಟ್ (ಆಲ್ಕೋಹಾಲ್) ಸುರಿದು ಉರಿಸುವ ಸ್ಪಿರಿಟ್ ಒಲೆ ಮತ್ತು ಸಣ್ಣ ಒಣ ಕಡ್ಡಿ ಹಾಕುವ ಪುರಲೆ ಒಲೆಗಳ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ.

ನಾವಿಬ್ಬರು ಎರಡು ದಿನದ ಕ್ಯಾಂಪಿಗೆ ಹೋಗುತ್ತೇವೆ. ಗ್ಯಾಸ್ ಡಬ್ಬಿಗಿಂತ ಸ್ಪಿರಿಟ್ ಒಲೆ ಹಗುರ ಅನ್ನುತ್ತಾರೆ. ನಿಜವೇ? — ಓದುಗರು, ಹಾಸನ

ಎರಡು ದಿನಕ್ಕಾದರೆ ನಿಜ. ಎಂಟು ದಿನಕ್ಕಾದರೆ ಸುಳ್ಳು. ಲೆಕ್ಕ ಹಾಕಿ ನೋಡಿ.

ಅರ್ಧ ಲೀಟರ್ ನೀರು 20 ಡಿಗ್ರಿಯಿಂದ ಕುದಿಯುವ ತನಕ ಬರಲು ಸುಮಾರು 167 ಕಿಲೋಜೂಲ್ ಶಾಖ ಬೇಕು. 20 ಮಿ.ಲೀ. ಸ್ಪಿರಿಟ್ಟಿನಲ್ಲಿ ಸುಮಾರು 400 ಕಿಲೋಜೂಲ್ ಇರುತ್ತದೆ. ಗಾಳಿಗೆ ಮರೆ ಸರಿಯಾಗಿದ್ದರೆ ಅದರಲ್ಲಿ ನೂರಕ್ಕೆ ನಲವತ್ತು ಪಾಲು ಪಾತ್ರೆಗೆ ಸೇರುತ್ತದೆ. ಹಾಗಾಗಿ ಅರ್ಧ ಲೀಟರಿಗೆ 20 ಮಿ.ಲೀ. ಎಂದು ಇಟ್ಟುಕೊಳ್ಳಿ. ಇಬ್ಬರ ಎರಡು ಹೊತ್ತಿನ ಚಹಾ, ಬೆಳಗಿನ ಉಪ್ಪಿಟ್ಟು, ರಾತ್ರಿಯ ಊಟ ಎಲ್ಲ ಸೇರಿ ದಿನಕ್ಕೆ 1.8 ಲೀಟರ್ ನೀರು ಕುದಿಸಬೇಕಾದೀತು. ಅಂದರೆ ದಿನಕ್ಕೆ 72 ಮಿ.ಲೀ. ಚೆಲ್ಲುವುದಕ್ಕೆ, ಗಾಳಿಗೆ ಎಂದು ಮೂರನೇ ಒಂದು ಪಾಲು ಹೆಚ್ಚು ಹಿಡಿದರೂ ಎರಡು ದಿನಕ್ಕೆ 200 ಮಿ.ಲೀ. ಸಾಕು. ತೂಕ 160 ಗ್ರಾಂ. ಬಾಟಲಿ, ಒಲೆ, ಗಾಳಿಮರೆ ಸೇರಿ ಇನ್ನೊಂದು 85 ಗ್ರಾಂ. 230 ಗ್ರಾಂ ಗ್ಯಾಸ್ ಇರುವ ಡಬ್ಬಿಯೊಂದೇ 380 ಗ್ರಾಂ ಆಸುಪಾಸು ತೂಗುತ್ತದೆ, ಮೇಲಿನ ಬರ್ನರ್ ಬೇರೆ.

ಆದರೆ ಸ್ಪಿರಿಟ್ಟಿನಲ್ಲಿ ಕಿಲೋಗೆ ಸುಮಾರು 27 ಮೆಗಾಜೂಲ್ ಶಕ್ತಿಯಿದ್ದರೆ ಬ್ಯುಟೇನ್-ಪ್ರೊಪೇನ್ ಗ್ಯಾಸಿನಲ್ಲಿ 46ರಷ್ಟಿದೆ. ದಿನ ಹೆಚ್ಚಿದಂತೆ ಬಾಟಲಿ ದಪ್ಪವಾಗುತ್ತ ಹೋಗಿ ಐದನೇ ದಿನದ ಹೊತ್ತಿಗೆ ಎರಡೂ ಸಮವಾಗುತ್ತವೆ. ನಾಲ್ಕು ಜನರಿದ್ದರಂತೂ ಮೊದಲ ದಿನದಿಂದಲೇ ಗ್ಯಾಸ್ ಒಳ್ಳೆಯದು. ಎರಡು ಲೀಟರಿನ ಪಾತ್ರೆಯನ್ನು ಸ್ಪಿರಿಟ್ ಒಲೆ ಮೇಲಿಟ್ಟು ಕಾಯುತ್ತ ಕೂರುವುದು ಹಸಿದ ಹೊಟ್ಟೆಗೆ ಆಗುವ ಕೆಲಸವಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪಿರಿಟ್ ಕೇಳಿದರೆ ಒಬ್ಬರು ಥಿನ್ನರ್ ಕೊಟ್ಟರು, ಇನ್ನೊಬ್ಬರು ನೀಲಿ ಬಣ್ಣದ್ದೇನೋ ಕೊಟ್ಟರು. ಯಾವುದು ಸರಿ? ಉಳಿದಿರುವ ಸ್ಯಾನಿಟೈಸರ್ ಸುರಿಯಬಹುದೇ? — ಓದುಗರು, ಮಂಗಳೂರು

ಥಿನ್ನರ್ ಬೇಡವೇ ಬೇಡ. ಅದರಲ್ಲಿ ಟಾಲುವೀನ್‌ನಂಥ ದ್ರಾವಕಗಳಿರುತ್ತವೆ. ಕಪ್ಪು ಹೊಗೆ ಕಾರುತ್ತದೆ, ತೆರೆದ ಡಬ್ಬಿಯಲ್ಲಿ ಉರಿ ಹಿಡಿತಕ್ಕೆ ಸಿಗುವುದಿಲ್ಲ. ಪೆಟ್ರೋಲ್, ಸೀಮೆಎಣ್ಣೆಯನ್ನೂ ಈ ಒಲೆಗೆ ಹಾಕಬಾರದು.

ನಿಮಗೆ ಬೇಕಾದದ್ದು ಎಥನಾಲ್ ಹೆಚ್ಚಿರುವ ಡಿನೇಚರ್ಡ್ ಸ್ಪಿರಿಟ್. ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಅರಗು ಕರಗಿಸಲು ಬಳಸುತ್ತಾರಲ್ಲ, ಅದು. ಕುಡಿಯಬಾರದೆಂದೇ ಅದಕ್ಕೆ ಬೇರೆ ರಾಸಾಯನಿಕ ಬೆರೆಸಿ, ಹಲವು ಸಲ ಬಣ್ಣ ಹಾಕಿರುತ್ತಾರೆ. ಆದ್ದರಿಂದ ಬಣ್ಣ ನೋಡಿ ಗುಣ ಹೇಳಲಾಗದು, ಲೇಬಲ್ ಓದಬೇಕು. ಮೆಥನಾಲ್ ಎಂದೋ ಮಿಥೈಲ್ ಆಲ್ಕೋಹಾಲ್ ಎಂದೋ ಬರೆದಿದ್ದರೆ ಕೊಳ್ಳಬೇಡಿ. ಅದೂ ಚೆನ್ನಾಗಿಯೇ ಉರಿಯುತ್ತದೆ, ಆದರೆ ಆವಿಯಿಂದಲೂ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಹೊಟ್ಟೆಗೆ ಸ್ವಲ್ಪ ಹೋದರೂ ಕಣ್ಣು ಹೋಗಬಹುದು. ಶಾಖವೂ ಎಥನಾಲಿಗಿಂತ ಕಡಿಮೆ. ಲೇಬಲ್ಲೇ ಇಲ್ಲದೆ ಕ್ಯಾನಿನಿಂದ ಸುರಿದು ಕೊಡುವ ಅಂಗಡಿಯಿಂದ ವಾಪಸ್ ಬನ್ನಿ.

ಐಸೊಪ್ರೊಪೈಲ್ ಆಲ್ಕೋಹಾಲ್ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಉರಿ ಹಳದಿ, ಪಾತ್ರೆಯ ತಳ ಒಂದೇ ಸಲಕ್ಕೆ ಮಸಿ. ಬೇರೇನೂ ಸಿಗದಾಗ ನೋಡಬಹುದು.

ಸ್ಯಾನಿಟೈಸರ್ ವಿಷಯ: ನೀರಿನಂತೆ ತೆಳ್ಳಗಿರುವ, 80% ಎಥನಾಲ್ ಇರುವ ಬಗೆ ಉರಿಯುತ್ತದೆ. ಆದರೆ ಉಳಿದ ಪಾಲು ಬಹುಪಾಲು ನೀರು. ಆ ನೀರು ಕಾಯಲು ನಿಮ್ಮ ಶಾಖವೇ ಖರ್ಚು, ಕೊನೆಗೆ ಡಬ್ಬಿಯ ತಳದಲ್ಲಿ ಗ್ಲಿಸರಿನ್ ಜಿಡ್ಡು ಉಳಿಯುತ್ತದೆ. ಜೆಲ್ ರೂಪದ್ದು ಸೌದೆ ಹೊತ್ತಿಸಲು ಚೆನ್ನ, ಒಲೆಗಲ್ಲ.

ಡಬ್ಬಿಯಿಂದ ಸ್ಪಿರಿಟ್ ಒಲೆ ಮಾಡಿದೆ. ಉರಿ ಚೆನ್ನಾಗಿ ಬರುತ್ತದೆ, ಪಾತ್ರೆ ಇಟ್ಟ ಕೂಡಲೇ ಆರುತ್ತದೆ. ತಪ್ಪೆಲ್ಲಿ? — ಓದುಗರು, ತುಮಕೂರು

ನೀವು ಮಾಡಿರುವುದು ಪಾತ್ರೆಯನ್ನು ಡಬ್ಬಿಯ ಬಾಯಿಯ ಮೇಲೇ ಇಡುವ ಬಗೆಯ ಒಲೆ ಎಂದುಕೊಂಡು ಹೇಳುತ್ತೇವೆ. ಇದರಲ್ಲಿ ಪಾತ್ರೆಯೇ ಮುಚ್ಚಳ. ಬಾಯಿ ಮುಚ್ಚಿದ ಮೇಲೆ ಆವಿ ಪಕ್ಕದ ತೂತುಗಳಿಂದ ನುಗ್ಗಿ ಹೊರಗೆ ಉರಿಯಬೇಕು. ಹಾಗೆ ನುಗ್ಗಬೇಕಾದರೆ ಒಳಗಿನ ಸ್ಪಿರಿಟ್ ಕುದಿಯುವ ಹಂತಕ್ಕೆ ಬಂದಿರಬೇಕು. ಎಥನಾಲ್ ಕುದಿಯುವುದು 78 ಡಿಗ್ರಿಗೆ. ಹೊತ್ತಿಸಿದ ಕೂಡಲೇ ಪಾತ್ರೆ ಇಟ್ಟರೆ ಒಳಗೆ ಆವಿಯೂ ಸಾಲದು, ಗಾಳಿಯೂ ಸಾಲದು, ಆರದೆ ಇನ್ನೇನು? 30–40 ಸೆಕೆಂಡು ತೆರೆದೇ ಉರಿಯಲು ಬಿಡಿ. ಡಬ್ಬಿಯ ಒಳಗೆ ಸಣ್ಣ ಗುಳ್ಳೆ ಕಂಡ ಮೇಲೆ ಇಡಿ. ಚಳಿಯಲ್ಲಿ ಒಂದು ನಿಮಿಷ ಬೇಕಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ತೂತು ನೋಡಿ. ಅಡ್ಡಗಲ 6ರಿಂದ 7 ಸೆಂ.ಮೀ., ಎತ್ತರ 4 ಸೆಂ.ಮೀ. ಇರುವ ಅಲ್ಯೂಮಿನಿಯಂ ಡಬ್ಬಿ (ಬೆಕ್ಕಿನ ಆಹಾರದ ಚಿಕ್ಕ ಡಬ್ಬಿ ಈ ಅಳತೆಯದ್ದು) ಸರಿಯಾಗುತ್ತದೆ. ಕಾಗದಕ್ಕೆ ತೂತು ಹಾಕುವ ಒಂಟಿ ಪಂಚ್ ಸಾಕು, ಅದರ ತೂತು 6 ಮಿ.ಮೀ. ಇರುತ್ತದೆ. ಅಂಚಿನ ಕೆಳಗೆ 6 ಮಿ.ಮೀ. ಬಿಟ್ಟು ಸುತ್ತಲೂ 16 ತೂತು. ಅದರ ಕೆಳಗೆ, ಮೇಲಿನ ಎರಡರ ನಡುವೆ ಒಂದು ಬರುವಂತೆ, ಇನ್ನೊಂದು ಸಾಲು 16. ಟ್ಯೂನಾ ಮೀನಿನ ಉಕ್ಕಿನ ಡಬ್ಬಿಗೆ ಪಂಚ್ ಮುರಿಯುತ್ತದೆ, ಡ್ರಿಲ್ ಬೇಕು. ಅದರ ಅಗಲವೂ ಹೆಚ್ಚು, ಸಣ್ಣ ಪಾತ್ರೆಯಾದರೆ ಉರಿಯ ಅರ್ಧ ಪಾಲು ಹೊರಗೇ ಹೋಗುತ್ತದೆ. ಪಾತ್ರೆಯ ತಳ 12 ಸೆಂ.ಮೀ. ಆದರೂ ಇರಲಿ. ಎತ್ತರದ ಲೋಟದಂಥ ಪಾತ್ರೆ ನೋಡಲು ಚೆಂದ, ಈ ಒಲೆಗೆ ಶತ್ರು.

ಗಾಳಿಮರೆಯೂ ಕಾರಣವಿರಬಹುದು. ದಪ್ಪ ಫಾಯಿಲ್ ಅಥವಾ ತೆಳು ಅಲ್ಯೂಮಿನಿಯಂ ಹಾಳೆಯನ್ನು ಪಾತ್ರೆಯ ಸುತ್ತ ಬೆರಳಿನಷ್ಟು ಅಂತರ ಬಿಟ್ಟು ಸುತ್ತಬೇಕು, ಕೆಳಗಂಚಿನಲ್ಲಿ ಗಾಳಿಗೆ ತೂತುಗಳಿರಬೇಕು. ತೀರ ಬಿಗಿಯಾಗಿ ಸುತ್ತಿದರೆ ಮೊದಲು ಸ್ಪಿರಿಟ್ ವಿಪರೀತ ಕುದಿದು ಉರಿ ಪಾತ್ರೆಯ ಪಕ್ಕ ಏರುತ್ತದೆ, ಆಮೇಲೆ ಉಸಿರು ಕಟ್ಟಿ ಆರುತ್ತದೆ. ಇದೇ ಮರೆಯನ್ನು ಗ್ಯಾಸ್ ಡಬ್ಬಿಯ ಮೇಲೆ ಕೂರುವ ಬರ್ನರಿಗೆ ಸುತ್ತಲೂ ಕಟ್ಟಬೇಡಿ. ಡಬ್ಬಿ ಕಾದು ಸಿಡಿಯಬಹುದು.

ಒಂದು ಮಾತು ಸೇರಿಸಬೇಕು. ಜನ ಒಲೆಯ ವಿನ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವಷ್ಟು ಮರೆಗೆ ಕೆಡಿಸಿಕೊಳ್ಳುವುದಿಲ್ಲ. ಸಾಧಾರಣ ಒಲೆ, ಒಳ್ಳೆ ಮರೆ ಇದ್ದರೆ ಅರ್ಧ ಲೀಟರ್ ಏಳೆಂಟು ನಿಮಿಷದಲ್ಲಿ ಕುದಿಯುತ್ತದೆ. ದುಬಾರಿ ಒಲೆಯಾದರೂ ಮರೆಯಿಲ್ಲದಿದ್ದರೆ ಬೆಟ್ಟದ ನೆತ್ತಿಯಲ್ಲಿ ಸ್ಪಿರಿಟ್ ಮುಗಿಯುತ್ತದೆ, ನೀರು ಬೆಚ್ಚಗಾಗಿರುತ್ತದೆ ಅಷ್ಟೆ.

ಸ್ಪಿರಿಟ್ ಸಾಲದೆ ಬಂದರೆ ನಡುವೆ ಸುರಿಯಬಹುದೇ? — ಓದುಗರು, ದಾವಣಗೆರೆ

ಇಲ್ಲ. ಹಗಲು ಬೆಳಕಿನಲ್ಲಿ ಸ್ಪಿರಿಟ್ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಎಂದು ಬಾಟಲಿ ಬಗ್ಗಿಸಿದರೆ ಉರಿ ಧಾರೆಯನ್ನು ಹಿಡಿದು ಬಾಟಲಿಯ ಒಳಗಿನ ಆವಿಗೆ ತಾಗುತ್ತದೆ, ಬಾಟಲಿ ಎದುರಿಗಿದ್ದವರ ಮೇಲೆ ಬೆಂಕಿ ಉಗುಳುತ್ತದೆ. ಈ ಒಲೆಗಳ ದೊಡ್ಡ ಅವಘಡ ಇದೇ. ಒಣ ಹುಲ್ಲುಕಡ್ಡಿಯನ್ನು ಡಬ್ಬಿಯ ಬಾಯಿಗೆ ಹಿಡಿದು ಹೊತ್ತಿಕೊಳ್ಳುತ್ತದೆಯೋ ನೋಡಿ; ಹೊತ್ತದಿದ್ದರೂ ಡಬ್ಬಿ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ ಅಳತೆಯ ಮುಚ್ಚಳದಲ್ಲಿ ಸುರಿಯಿರಿ, ಬಾಟಲಿ ಮುಚ್ಚಿ ದೂರ ಇಡಿ, ಆಮೇಲೆ ಕಡ್ಡಿ ಗೀರಿ. ಆರಿಸಲು ಊದಬೇಡಿ. ದೊಡ್ಡ ಡಬ್ಬಿಯೊಂದನ್ನು ಮೇಲೆ ಬೋರಲು ಹಾಕಿ.

ಸ್ವೀಡನ್ನಿನ ಟ್ರ್ಯಾಂಜಿಯಾದಂಥ ಹಿತ್ತಾಳೆ ಬರ್ನರ್ ಇದ್ದರೆ ಮೂರನೇ ಎರಡು ಪಾಲು ತುಂಬಿ. ತಿರುಪು ಮುಚ್ಚಳವನ್ನು ಬಿಸಿಯಿರುವಾಗ ಹಾಕಿದರೆ ಅದರೊಳಗಿನ ರಬ್ಬರ್ ಬಳೆ ಕರಗಿ, ಮುಂದಿನ ಸಲ ಚೀಲದಲ್ಲೆಲ್ಲ ಸ್ಪಿರಿಟ್ ಸೋರುತ್ತದೆ. ಆರಿಸಲು ಬೇರೆ ಮುಚ್ಚಳವಿದೆ, ಉರಿ ತಗ್ಗಿಸುವ ತಿರುಗು ತಟ್ಟೆಯೂ ಅದೇ.

ಎರಡು ಗೋಡೆಯ ಪುರಲೆ ಒಲೆ ಹೊಗೆಯಿಲ್ಲದೆ ಉರಿಯುತ್ತದೆ ಎಂದು ಕೊಂಡೆ. ಕಣ್ಣು ಬಿಡಲಾಗದಷ್ಟು ಹೊಗೆ. — ಓದುಗರು, ಬೆಂಗಳೂರು

ಬಹುಶಃ ನೀವು ಮನೆಯ ಒಲೆಯಂತೆ ಕೆಳಗಿನಿಂದ ಹೊತ್ತಿಸುತ್ತಿದ್ದೀರಿ. ಈ ಒಲೆಯನ್ನು ಮೇಲಿನಿಂದ ಹೊತ್ತಿಸಬೇಕು.

ಕಟ್ಟಿಗೆ ಕಾದಾಗ ಮೊದಲು ಬಿಡುವುದು ಉರಿಯಬಲ್ಲ ಅನಿಲ. ಅದು ಉರಿಯದೆ ಹೊರಟರೆ ಹೊಗೆ. ಎರಡು ಗೋಡೆಯ ಒಲೆಯಲ್ಲಿ ಸ್ವಲ್ಪ ಗಾಳಿ ತಳದ ಜಾಲರಿಯಿಂದ ಕಟ್ಟಿಗೆಗೆ ಹೋಗುತ್ತದೆ. ಉಳಿದದ್ದು ಗೋಡೆಗಳ ನಡುವೆ ಮೇಲೇರಿ, ಬಿಸಿಯಾಗಿ, ಒಳಗೋಡೆಯ ಮೇಲಂಚಿನ ತೂತುಗಳಿಂದ ನುಗ್ಗಿ ಆ ಅನಿಲವನ್ನು ಅಲ್ಲೇ ಉರಿಸುತ್ತದೆ. ಕೆಳಗಿನಿಂದ ಹೊತ್ತಿಸಿದರೆ ಮೇಲಿನ ಕಟ್ಟಿಗೆಯೆಲ್ಲ ಒಮ್ಮೆಗೇ ಕಾದು ಆ ಗಾಳಿ ಉರಿಸಲಾರದಷ್ಟು ಅನಿಲ ಬಿಡುತ್ತದೆ.

ಹೆಬ್ಬೆರಳಿಗಿಂತ ಸಣ್ಣ ಪುರಲೆಯನ್ನು ಬೆರಳುದ್ದ ಮುರಿದು ಒತ್ತಾಗಿ ತುಂಬಿ, ಮೇಲಿನ ತೂತುಗಳಿಗಿಂತ ಎರಡು ಸೆಂ.ಮೀ. ಕೆಳಗೇ ನಿಲ್ಲಿಸಿ. ತೂತು ಮುಚ್ಚುವಂತೆ ತುಂಬಿದರೆ ಒಲೆಯ ಜಾಣತನವೆಲ್ಲ ಹೋಯಿತು. ಮೇಲೆ ತೆಂಗಿನ ನಾರು, ಒಂದು ಕರ್ಪೂರದ ಬಿಲ್ಲೆ ಇಟ್ಟು ಹೊತ್ತಿಸಿ. ತೂತುಗಳಿಂದ ಸಣ್ಣ ಸಣ್ಣ ನಾಲಿಗೆ ಒಳಮುಖವಾಗಿ ಚಾಚುವುದು ಕಂಡಾಗ ಒಲೆ ಸರಿಯಾಗಿ ಹಿಡಿದಿದೆ ಎಂದರ್ಥ. ಆಗ ಪಾತ್ರೆ ಇಡಿ. ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಎರಡೂವರೆ–ಮೂರು ಸೆಂ.ಮೀ. ಸಂದು ಬೇಕು. ಆಮೇಲೆ ನಾಲ್ಕೈದು ಕಡ್ಡಿಗಳಂತೆ ಹಾಕುತ್ತಿರಿ, ಹಿಡಿಗಟ್ಟಲೆ ಸುರಿಯಬೇಡಿ. ಅರ್ಧ ಲೀಟರಿಗೆ ಒಣಗಿದ ಪುರಲೆ ಒಂದೆರಡು ಮುಷ್ಟಿ ಸಾಕು.

ಈ ತತ್ವ ನಮ್ಮವರಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಹನ ಪ್ರಯೋಗಾಲಯದಲ್ಲಿ ರೂಪುಗೊಂಡ ಊರ್ಜಾ ಒಲೆ ಇದನ್ನೇ ಸಣ್ಣ ಫ್ಯಾನ್ ಇಟ್ಟು, ಒತ್ತಿದ ಕೃಷಿ ತ್ಯಾಜ್ಯದ ಗುಳಿಗೆ ಹಾಕಿ ಮಾಡುತ್ತಿತ್ತು. ಅದೇ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರದ ಅಸ್ತ್ರ ಒಲೆ ಮಾತ್ರ ಬೇರೆ ಜಾತಿ, ಅದಕ್ಕೆ ಹೊಗೆ ಕೊಳವೆ ಉಂಟು. ಚಾರಣದ ಒಲೆಗೆ ಫ್ಯಾನೂ ಇಲ್ಲ, ಕೊಳವೆಯೂ ಇಲ್ಲ. ಹಾಗಾಗಿ ಒಣ ಕಟ್ಟಿಗೆಯೊಂದೇ ಗತಿ.

ನೀವೇ ಮಾಡುವುದಾದರೆ ಜಿ.ಐ. ತಗಡು, ಅಂದರೆ ಸತು ಲೇಪಿಸಿದ್ದು, ಬೇಡ. ಕಾದಾಗ ಬರುವ ಸತುವಿನ ಹೊಗೆ ಜ್ವರ ಬರಿಸುತ್ತದೆ.

ಮಳೆಗಾಲದಲ್ಲಿ ಒಣ ಸೌದೆ ಎಲ್ಲಿಂದ ತರುವುದು? ಯಾವ ಮರ ಬೇಡ? — ಓದುಗರು, ಸಕಲೇಶಪುರ

ನೆಲದ ಮೇಲಿನದ್ದು ಬೇಡ. ಮರದಲ್ಲೇ ಸಿಕ್ಕಿಕೊಂಡು ಒಣಗಿರುವ ರೆಂಬೆ ಬೇಕು, ಮುರಿದರೆ ಟಪ್ ಎನ್ನಬೇಕು. ಬಾಗಿದರೆ ಬಿಟ್ಟುಬಿಡಿ. ಮಳೆಯಲ್ಲಿ ನೆನೆದದ್ದು ಹೊರಮೈ ಮಾತ್ರ, ತೊಗಟೆ ಕೆರೆದು ಕತ್ತಿಯಿಂದ ಸೀಳಿದರೆ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಹೋಂಸ್ಟೇ ಅಥವಾ ತೋಟದಲ್ಲಿ ಉಳಿದುಕೊಂಡರೆ ಹಳೆಯ ಕಾಫಿ ಕಸಿಯ (ಗಿಡ ಸವರಿದಾಗ ಬಿದ್ದ) ಕಡ್ಡಿ ಕೇಳಿ ಪಡೆಯಿರಿ, ಇಷ್ಟು ಸಣ್ಣ ಒಲೆಗೆ ಅದರಂಥದ್ದು ಇನ್ನೊಂದಿಲ್ಲ. ತೆಂಗಿನ ಕರಟದ ಚೂರೂ ಚೆನ್ನ, ಆದರೆ ಒಲೆ ಹಿಡಿದ ಮೇಲೆ ಹಾಕಿ.

ಚೇರಿನ ಮರ ಗುರುತಿಲ್ಲದವರು ಕಾಡಿನ ಕಟ್ಟಿಗೆಗೆ ಕೈ ಹಾಕಬೇಡಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಕಣಗಿಲೆ ಕಡ್ಡಿಯನ್ನು ಒಲೆಗೂ ಹಾಕಬೇಡಿ, ಪಾತ್ರೆ ಕಲಕಲೂ ಬಳಸಬೇಡಿ. ಹಾಲು ಸುರಿಸುವ ಕಳ್ಳಿಯೂ ಬೇಡ.

ಮಸಿಯ ಚಿಂತೆಯಿದ್ದರೆ ಹಳ್ಳಿಯ ಹಳೆ ಉಪಾಯ ಸಾಕು: ಉರಿಗೆ ಇಡುವ ಮುನ್ನ ಪಾತ್ರೆಯ ಹೊರಮೈಗೆ ಬೂದಿ ಕಲಸಿ ಬಳಿಯಿರಿ.

ಘಟ್ಟದ ಚಾರಣದಲ್ಲಿ ಇಂಥ ಒಲೆ ಹಚ್ಚಲು ಅನುಮತಿ ಇದೆಯೇ? ಡೇರೆಯೊಳಗೆ ಹಚ್ಚಬಹುದೇ? — ಓದುಗರು, ಮೈಸೂರು

ಕುದುರೆಮುಖ, ಕುಮಾರ ಪರ್ವತದಂಥ ಜಾಗಗಳು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗಿವೆ. ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಒಲೆ ಸಣ್ಣದು ಎಂಬ ವಾದ ಅಲ್ಲಿ ನಡೆಯದು, ನಡೆಯಲೂಬಾರದು. ಜನವರಿಯಿಂದ ಮೇ ತನಕ ಶೋಲೆಯ (ಬೆಟ್ಟದ ಮಡಿಲಿನ ಕಾಡಿನ) ಸುತ್ತಲಿನ ಹುಲ್ಲುಗಾವಲು ಒಂದು ಕಿಡಿಗೆ ಕಾದಿರುತ್ತದೆ. ಪುರಲೆ ಒಲೆ ಕಿಡಿ ಹಾರಿಸುತ್ತದೆ. ಸ್ಪಿರಿಟ್ ಒಲೆ ಹಾರಿಸದಿದ್ದರೂ ಉರುಳಿದರೆ ಉರಿಯುವ ದ್ರವ ಹುಲ್ಲಿನಲ್ಲಿ ಹರಿಯುತ್ತದೆ. ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ. ಈ ಒಲೆಗಳಿಗೆ ಸರಿಯಾದ ಜಾಗ ಖಾಸಗಿ ತೋಟ, ಹೊಳೆಯ ಬದಿಯ ಕಲ್ಲು ಹಾಸು, ಅನುಮತಿಯಿರುವ ಕ್ಯಾಂಪ್.

ಡೇರೆಯೊಳಗೆ ಯಾವ ಒಲೆಯೂ ಬೇಡ. ಬೆಂಕಿಯ ಮಾತಿರಲಿ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದಲ್ಲೇ ಕೊಲ್ಲುತ್ತದೆ.

ಹಿಮಾಲಯಕ್ಕೆ ರೈಲಿನಲ್ಲಿ ಸ್ಪಿರಿಟ್ ಒಯ್ಯಬಹುದೇ? ಅಲ್ಲಿ ಅನ್ನ ಬೇಯುವುದಿಲ್ಲ ಅನ್ನುತ್ತಾರೆ. — ಓದುಗರು, ಧಾರವಾಡ

ರೈಲಿನಲ್ಲಿ ಒಯ್ಯುವಂತಿಲ್ಲ, 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಅಪರಾಧ, ಜೈಲೂ ಆಗಬಹುದು. ವಿಮಾನದಲ್ಲಿ ಕೈಚೀಲಕ್ಕೂ ಬೇಡ, ಚೆಕ್-ಇನ್ ಚೀಲಕ್ಕೂ ಬೇಡ. ಖಾಲಿ ಒಲೆಯನ್ನು ಸಾಬೂನಿನಿಂದ ತೊಳೆದು, ವಾಸನೆ ಹೋಗುವ ತನಕ ಬಿಸಿಲಿಗಿಟ್ಟು ಒಯ್ಯಿರಿ, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಇಂಧನ ಅಲ್ಲೇ ಕೊಳ್ಳಬೇಕು.

ಅನ್ನದ ಮಾತು ನಿಜ. ಸುಮಾರು 300 ಮೀಟರ್ ಏರಿದಂತೆ ನೀರು ಒಂದು ಡಿಗ್ರಿ ಕಡಿಮೆಯಲ್ಲಿ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 94 ಡಿಗ್ರಿಯ ಆಸುಪಾಸು, ಅನ್ನ ಹೇಗೋ ಆಗುತ್ತದೆ. 3,500 ಮೀಟರಿನಲ್ಲಿ 88. ತೊಗರಿ ಬೇಳೆಯ ಆಸೆ ಬಿಡಿ. ಸ್ಪಿರಿಟ್ ಒಲೆ ನೀರು ಕುದಿಸುವ ಯಂತ್ರ ಎಂದುಕೊಂಡೇ ಅಡುಗೆ ಆರಿಸಿ: ಅವಲಕ್ಕಿ, ಶಾವಿಗೆ, ಹುರಿದ ರವೆ, ರಾಗಿ ಗಂಜಿ. ಒಬ್ಬರಿಗೆ 80 ಗ್ರಾಂ ಹುರಿದ ರವೆಗೆ ಒಗ್ಗರಣೆ ಪುಡಿ, ಉಪ್ಪು ಮನೆಯಲ್ಲೇ ಬೆರೆಸಿಕೊಂಡು ಹೋಗಿ. 250 ಮಿ.ಲೀ. ನೀರು ಕುದಿದಾಗ ಸುರಿದು ಕಲಕಿ, ಮುಚ್ಚಿ, ಒಲೆಯಿಂದ ಇಳಿಸಿ ಉಣ್ಣೆ ಟೋಪಿಯಲ್ಲೋ ಟವೆಲಿನಲ್ಲೋ ಸುತ್ತಿಡಿ; ಹತ್ತು ನಿಮಿಷಕ್ಕೆ ಉಪ್ಪಿಟ್ಟು. ರಾಗಿ ಹಿಟ್ಟನ್ನು ಮಾತ್ರ ತಣ್ಣೀರಿನಲ್ಲಿ ಕಲಸಿಯೇ ಬಿಸಿನೀರಿಗೆ ಹಾಕಿ, ಗಂಟಾದರೆ ಅಲ್ಲಿ ಕಡೆಗೋಲು ಇರುವುದಿಲ್ಲ.

ಸೊನ್ನೆಯ ಹತ್ತಿರದ ಚಳಿಯಲ್ಲಿ ಸ್ಪಿರಿಟ್ ಬೆಂಕಿ ಹಿಡಿಯಲು ಸತಾಯಿಸುತ್ತದೆ, ಬೇಕಾದಷ್ಟು ಆವಿಯೇ ಏಳುವುದಿಲ್ಲ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಅರ್ಧ ಗಂಟೆ ಜಾಕೆಟ್ಟಿನ ಒಳಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿ. ಹಿಮದ ಮೇಲೆ ಒಲೆಯನ್ನು ನೇರವಾಗಿ ಇಡದೆ ಕೆಳಗೆ ಮರದ ತುಂಡೊಂದು ಹಾಕಿ.